ಶುಕ್ರವಾರ ಸಂಜೆಯಿಂದ ಶುರು ಮಾಡಿ: ಯಹೂದಿ ಮಕ್ಕಳಿಗೆ ತಮ್ಮ ಬೇರು ತೋರಿಸುವ ದಾರಿ

ಒಂದು ರಾತ್ರಿ ಬೆಂಗಳೂರಿನಿಂದ ಗೆಳತಿಯೊಬ್ಬಳು ಫೋನ್ ಮಾಡಿದಳು. ಅವಳು ಹುಟ್ಟಿ ಬೆಳೆದದ್ದು ಠಾಣೆಯಲ್ಲಿ, ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ. ಬೆನೆ ಇಸ್ರೇಲ್ ಎಂಬ, ಕೊಂಕಣದ ಮರಾಠಿ ಮಾತಿನ ಯಹೂದಿ ಮನೆತನ. ಕೆಲಸಕ್ಕೆಂದು ಬೆಂಗಳೂರು ಸೇರಿ ಹನ್ನೆರಡು ವರ್ಷವಾಯಿತು. ಮಕ್ಕಳಿಬ್ಬರೂ ಕನ್ನಡ ಓದುತ್ತಾರೆ, ಗಲ್ಲಿಯಲ್ಲಿ ಕನ್ನಡದಲ್ಲೇ ಜಗಳ ಆಡುತ್ತಾರೆ. "ಅಕ್ಕಾ, ಕ್ಲಾಸಲ್ಲಿ ಯಾರೋ ಮಗನ್ನ ‘ನೀವು ಯಾವ ಜನ?’ ಅಂತ ಕೇಳಿದರಂತೆ. ಇವನು ‘ಕ್ರಿಶ್ಚಿಯನ್ ಥರಾನೇ, ಸ್ವಲ್ಪ ಬೇರೆ’ ಅಂದನಂತೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ" ಅಂದಳು.

ನಾನು ಯಹೂದಿ ಅಲ್ಲ. ಠಾಣೆಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದ ಕನ್ನಡತಿ. ನೆರೆಹೊರೆಯ ಯಹೂದಿ ಮಕ್ಕಳ ಭಾನುವಾರದ ತರಗತಿಗೆ ಕೆಲವು ವರ್ಷ ಕೈ ಹಚ್ಚಿದ್ದೆ. ಧರ್ಮದ ಪಾಠ ಅವರ ಹಿರಿಯರದು. ಮಕ್ಕಳನ್ನು ಎರಡು ಗಂಟೆ ಬೇಜಾರಾಗದಂತೆ ಕೂರಿಸುವ ಕೆಲಸ ನನ್ನದು. ಆ ಅನುಭವದಿಂದ ಗೆಳತಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ದೊಡ್ಡ ಸಮುದಾಯದಿಂದ ದೂರ ಇರುವ ಯಹೂದಿ ತಂದೆತಾಯಿಗೆ, ಅವರ ಮಕ್ಕಳಿಗೆ ಪಾಠ ಹೇಳುವವರಿಗೆ ಇದು ಉಪಯೋಗಕ್ಕೆ ಬಂದೀತು.

ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ 20,000ಕ್ಕೂ ಹೆಚ್ಚು ಯಹೂದಿಗಳಿದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಬಹಳ ಜನ ಅಲ್ಲಿಗೆ ಹೋದರು. ಈಗ ಇಲ್ಲಿ ಉಳಿದವರು ನಾಲ್ಕೈದು ಸಾವಿರ. ಹೆಚ್ಚಿನವರು ಮುಂಬಯಿ, ಠಾಣೆ ಕಡೆಯ ಬೆನೆ ಇಸ್ರೇಲ್ ಜನ. ಠಾಣೆಯಲ್ಲಿ 1879ರ ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ, ಇದೆ, ಹಬ್ಬಕ್ಕೆ ತುಂಬಿ ತುಳುಕುತ್ತದೆ. ಅಲ್ಲಿಯ ಮಗು ಏನೂ ಕಲಿಯದಿದ್ದರೂ ಓಡಾಡುತ್ತಾ ಅರ್ಧ ಕಲಿತಿರುತ್ತದೆ. ಬೆಂಗಳೂರಿನ ಮಗುವಿಗೆ ಆ ಓಡಾಟ ಇಲ್ಲ. ಅದನ್ನು ಮನೆಯಲ್ಲೇ ಹುಟ್ಟಿಸಬೇಕು.

ಮೊದಲೇ ಒಂದು ಮಾತು. ಈ ಲೇಖನದ ಉದ್ದಕ್ಕೂ ನಾನು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತೇನೆ: ಮಗುವಿಗೆ ಭಾಷಣ ಬೇಡ, ಕೆಲಸ ಕೊಡಿ.

ಒಂದು: ಮಗುವಿನ ಬಾಯಲ್ಲಿ ಒಂದು ಉತ್ತರ ಇರಲಿ

"ನೀವು ಯಾರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಾಲೆಯ ಅರ್ಜಿಯಲ್ಲಿ ಧರ್ಮದ ಕಾಲಂ ಎದುರು ‘ಇತರೆ’ ಎಂದು ಟಿಕ್ ಹಾಕುವಾಗ ಮಗು ನೋಡುತ್ತಿರುತ್ತದೆ. ಮಹಾರಾಷ್ಟ್ರ 2016ರಲ್ಲಿ, ಗುಜರಾತ್ 2018ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟವು. ಆದರೂ ಎಷ್ಟೋ ಗುಮಾಸ್ತರು ಇವತ್ತಿಗೂ "ಯಹೂದಿ ಅಂದ್ರೆ?" ಎಂದು ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಗೊತ್ತಿಲ್ಲದೆ.

ಹಾಗಾಗಿ ಮೂರು ವಾಕ್ಯದ ಉತ್ತರ ತಯಾರು ಮಾಡಿಸಿ. ನೀವು ಬರೆದು ಕೊಡಬೇಡಿ, ಮಗುವೇ ಬರೆಯಲಿ. ಗೆಳತಿಯ ಮಗ ಬರೆದದ್ದು ಹೀಗಿತ್ತು: "ನಾವು ಯಹೂದಿಗಳು. ನಮ್ಮ ಹಿರಿಯರು ಬಹಳ ಹಿಂದೆ ಹಡಗಿನಲ್ಲಿ ಕೊಂಕಣಕ್ಕೆ ಬಂದರು. ನಮಗೆ ರಜೆ ಭಾನುವಾರ ಅಲ್ಲ, ಶನಿವಾರ." ಮೂರನೆಯ ವಾಕ್ಯಕ್ಕೆ ಕ್ಲಾಸಿನವರೆಲ್ಲ ಹೊಟ್ಟೆಕಿಚ್ಚು ಪಟ್ಟರಂತೆ.

ಅಡ್ಡಹೆಸರನ್ನೂ ಇಲ್ಲೇ ಹಿಡಿದುಕೊಳ್ಳಿ. ಬೆನೆ ಇಸ್ರೇಲ್ ಮನೆತನಗಳ ಹೆಸರು ಬಹುತೇಕ ‘ಕರ್’ ಎಂದು ಮುಗಿಯುತ್ತದೆ. ಪೇಣ್ ಊರಿನವರು ಪೇಣಕರ್, ರೋಹಾದವರು ರೋಹೇಕರ್, ನವಗಾಂವಿನವರು ನವಗಾಂವ್‌ಕರ್. ರಾಯಗಡ ಜಿಲ್ಲೆಯ ನಕ್ಷೆ ಗೋಡೆಗೆ ಅಂಟಿಸಿ, ಗೊತ್ತಿರುವ ನೆಂಟರ ಹೆಸರಿನ ಊರಿಗೆಲ್ಲ ಬಣ್ಣದ ಪಿನ್ ಚುಚ್ಚಲು ಹೇಳಿ. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯ ಚರಿತ್ರೆ ಪಾಠ ನನಗೆ ಗೊತ್ತಿಲ್ಲ.

ಎರಡು: ಶುಕ್ರವಾರ ಸಂಜೆ

ಇದೊಂದನ್ನು ಮಾಡಿ ಉಳಿದದ್ದೆಲ್ಲ ಬಿಟ್ಟರೂ ನಷ್ಟವಿಲ್ಲ. ಉಳಿದದ್ದೆಲ್ಲ ಮಾಡಿ ಇದನ್ನು ಬಿಟ್ಟರೆ ಕಷ್ಟ.

ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಶುಕ್ರವಾರ ಸೂರ್ಯ ಮುಳುಗುವ ಹೊತ್ತಿಗೆ ಶುರುವಾಗಿ ಶನಿವಾರ ನಕ್ಷತ್ರ ಕಾಣುವವರೆಗೆ ಇರುತ್ತದೆ. ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ದೀಪ ಹಚ್ಚುತ್ತಾರೆ. ಲಂಡನ್ನಿನವರಿಗೆ ಇದು ಬೇಸಿಗೆಯಲ್ಲಿ ಒಂದು ಹೊತ್ತು, ಚಳಿಗಾಲದಲ್ಲಿ ಇನ್ನೊಂದು ಹೊತ್ತು. ಬೆಂಗಳೂರಿನಲ್ಲಿ ಆ ತಲೆನೋವಿಲ್ಲ. ವರ್ಷವಿಡೀ ಆರು ಗಂಟೆಯ ಆಸುಪಾಸಿನಲ್ಲೇ ಮುಗಿಯುತ್ತದೆ. ಹೀಬ್ರೂ ಪಂಚಾಂಗ ತೋರಿಸುವ ‘ಹೆಬ್‌ಕ್ಯಾಲ್’ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಪ್ರತಿ ವಾರದ ಹೊತ್ತು ಸಿಗುತ್ತದೆ. ಆ ಹೊತ್ತನ್ನು ನೋಡಿ ಫ್ರಿಜ್ ಮೇಲೆ ಬರೆಯುವುದು ದೊಡ್ಡ ಮಗುವಿನ ಕೆಲಸ.

ಬೇಕಾದದ್ದು ಇಷ್ಟೇ. ದೀಪ: ಮೇಣದ ಬತ್ತಿಯಾದರೂ ಸರಿ, ಹಳೆಯ ರೂಢಿಯಂತೆ ಗಾಜಿನ ಲೋಟದಲ್ಲಿ ನೀರು ಹಾಕಿ ಮೇಲೆ ಎಣ್ಣೆ ಬಿಟ್ಟು ಬತ್ತಿ ಹಚ್ಚಿದರೂ ಸರಿ. ಎರಡು ಬ್ರೆಡ್, ಇಲ್ಲದಿದ್ದರೆ ಎರಡು ಚಪಾತಿ. ಮತ್ತೆ ದ್ರಾಕ್ಷಿಯ ಶರಬತ್ತು. ಬೆನೆ ಇಸ್ರೇಲ್ ಮನೆಗಳಲ್ಲಿ ಶಬ್ಬಾತನ್ನು ಬರಮಾಡಿಕೊಳ್ಳುವ ಕಿದ್ದೂಶ್ ಪ್ರಾರ್ಥನೆಗೆ ವೈನ್ ಬದಲು ಇದನ್ನೇ ಮಾಡಿಕೊಳ್ಳುವ ಪದ್ಧತಿ ಬೆಳೆದುಬಂದಿದೆ. ಕಪ್ಪು ಒಣದ್ರಾಕ್ಷಿಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಮಾರನೆಯ ದಿನ ಅದೇ ನೀರಲ್ಲಿ ಹಿಂಡಿ, ಸೋಸಿ. ಸಕ್ಕರೆ ಬೇಡ.

ಗುರುವಾರ ರಾತ್ರಿ ದ್ರಾಕ್ಷಿ ನೆನೆಹಾಕುವುದು ಚಿಕ್ಕ ಮಗುವಿನ ಕೆಲಸ. ಮರೆತರೆ? ಮರೆಯಲಿ. ಆ ವಾರ ಶರಬತ್ತು ಇಲ್ಲ. ಬ್ರೆಡ್ ಮೇಲೆ ಕಿದ್ದೂಶ್ ಹೇಳಿ ಮುಗಿಸಿ. ನೀವು ಗುಟ್ಟಾಗಿ ನೆನೆಹಾಕಿಟ್ಟರೆ ಮಗುವಿನ ಕೆಲಸ ಸುಳ್ಳಾಯಿತು. ಗೆಳತಿಯ ಮಗಳು ಒಮ್ಮೆ ಮರೆತಳು, ಮತ್ತೆ ಮರೆಯಲಿಲ್ಲ.

ಊಟಕ್ಕೆ ಕೂತಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಆ ವಾರದ ಭಾಗದಿಂದ ಒಂದು ಕಥೆ, ಐದೇ ನಿಮಿಷ. ತೋರಾವನ್ನು 54 ಭಾಗ ಮಾಡಿ ವರ್ಷಕ್ಕೊಂದು ಸುತ್ತು ಓದುತ್ತಾರೆ. ಠಾಣೆಯಲ್ಲಿ ಅಜ್ಜ ಓದುವುದೂ ಇಸ್ರೇಲಿನ ಡಿಮೋನಾದಲ್ಲಿ ಮಾವ ಓದುವುದೂ ಹೆಚ್ಚಿನ ವಾರಗಳಲ್ಲಿ ಅದೇ ಭಾಗ. ಇದನ್ನು ಮಗುವಿಗೆ ಬಾಯಲ್ಲಿ ಹೇಳಿದರೆ ಸಾಲದು, ಶುಕ್ರವಾರ ಮಧ್ಯಾಹ್ನ ಅಜ್ಜನಿಗೆ ಫೋನ್ ಮಾಡಿ "ಈ ವಾರ ಯಾವ ಕಥೆ?" ಎಂದು ಕೇಳಿಸಿ. ಅಜ್ಜನಿಗೂ ವಾರವಿಡೀ ಅದೇ ಕಾಯುವಿಕೆಯಾಗುತ್ತದೆ.

ಮೂರು: ಪಂಚಾಂಗ ಜೋಡಿಸಿ ನೋಡಿ

ಕನ್ನಡದ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. ಯಹೂದಿ ಪಂಚಾಂಗವೂ ಚಂದ್ರನದ್ದೇ. ಅಮಾವಾಸ್ಯೆ ಕಳೆದು ತಿಂಗಳು ಹುಟ್ಟುತ್ತದೆ. ನಮ್ಮಲ್ಲಿ ಅಧಿಕ ಮಾಸ ಬರುವ ಹಾಗೆ ಅಲ್ಲೂ 19 ವರ್ಷಕ್ಕೆ 7 ಸಲ ಒಂದು ತಿಂಗಳು ಜಾಸ್ತಿ. ಪೆಸಾಹ್ ಮತ್ತು ಸುಕ್ಕೋತ್ ಹಬ್ಬಗಳು ಹುಣ್ಣಿಮೆಗೆ ಶುರು. ಪುರೀಮ್ ಹಬ್ಬ ಬಹಳ ವರ್ಷ ಹೋಳಿಯ ಹುಣ್ಣಿಮೆಗೇ ಬೀಳುತ್ತದೆ. ಹೊಸವರ್ಷ ರೋಶ್ ಹಶಾನಾ ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿಯ ಆಸುಪಾಸು.

ಕೊಂಕಣದ ಹಿರಿಯರು ಹಬ್ಬಗಳಿಗೆ ಮರಾಠಿ ಹೆಸರೇ ಇಟ್ಟುಕೊಂಡಿದ್ದರು. ರೋಶ್ ಹಶಾನಾ ‘ನವ್ಯಾಚಾ ಸಣ್’, ಹೊಸದರ ಹಬ್ಬ. ಉಪವಾಸದ ಯೋಮ್ ಕಿಪ್ಪುರ್ ‘ದಾರ್‌ಫಾಳ್ಣೀಚಾ ಸಣ್’, ಅಂದರೆ ಬಾಗಿಲು ಮುಚ್ಚುವ ಹಬ್ಬ. ಪುರೀಮ್ ‘ಹೋಳೀಚಾ ಸಣ್’. ಜೆರುಸಲೇಮಿನ ದೇಗುಲ ಬಿದ್ದ ದುಃಖದ ದಿನ ‘ಬಿರ್ಡ್ಯಾಚಾ ಸಣ್’. ಬಿರ್ಡೆ ಅಂದರೆ ಮೊಳಕೆ ಬರಿಸಿದ ಅವರೆಯ ಜಾತಿಯ ಕಾಳಿನ ಪಲ್ಯ. ಹೀಬ್ರೂ ಹೆಸರು ಕಲಿಸುವ ಭರದಲ್ಲಿ ಇವನ್ನು ಬಿಸಾಡಬೇಡಿ. ಆಜಿ, ಅಂದರೆ ಅಜ್ಜಿ, ಆಡಿದ ಹೆಸರುಗಳು ಇವು.

ಮನೆಗೆ ಬರುವ ಕನ್ನಡ ಗೋಡೆ ಕ್ಯಾಲೆಂಡರ್ ತೆಗೆದುಕೊಳ್ಳಿ. ಹೊಸ ವರ್ಷದ ಮೊದಲ ಭಾನುವಾರ ಮಕ್ಕಳೇ ಅದರಲ್ಲಿ ಹೀಬ್ರೂ ತಿಂಗಳು, ಹಬ್ಬ ಬರೆಯಲಿ. ಹಬ್ಬಕ್ಕೆ ಶಾಲೆಗೆ ರಜಾ ಚೀಟಿ ಕೊಡಬೇಕಾದ ದಿನಗಳೂ ಆಗಲೇ ಗೊತ್ತಾಗುತ್ತವೆ. ಜೂನ್‌ನಲ್ಲೇ ಕ್ಲಾಸ್ ಟೀಚರ್ ಕೈಗೆ ಪಟ್ಟಿ ಕೊಡಿ. ಪರೀಕ್ಷೆಯ ಹಿಂದಿನ ದಿನ ಹೋಗಿ ಯೋಮ್ ಕಿಪ್ಪುರ್ ಎಂದರೆ ಯಾವ ಟೀಚರಿಗೂ ಸಿಟ್ಟು ಬರುತ್ತದೆ, ನನಗೂ ಬರುತ್ತಿತ್ತು.

ನಾಲ್ಕು: ಹೀಬ್ರೂ ಅಕ್ಷರ, ಕಾಗುಣಿತದ ಜೊತೆ

ಅಕ್ಷರ 22. ಅದರಲ್ಲಿ ಐದು ಪದದ ಕೊನೆಗೆ ಬಂದಾಗ ರೂಪ ಬದಲಿಸುತ್ತವೆ. ಬರೆಯುವುದು ಬಲದಿಂದ ಎಡಕ್ಕೆ. ವಾರಕ್ಕೆ ಎರಡು ಅಕ್ಷರದಂತೆ ಹನ್ನೊಂದು ವಾರ. ಇನ್ನೂ ಬೇಗ ಮಾಡಲು ಹೋಗಬೇಡಿ.

ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳಿಗೆ ಹೀಬ್ರೂ ಸ್ವರ ಚಿಹ್ನೆಗಳು ಗೊಂದಲ. ನಮ್ಮ ಮಕ್ಕಳಿಗೆ ಸುಲಭ. ಅಕ್ಷರ ಅಂದರೆ ಮೂಲತಃ ವ್ಯಂಜನ, ಅದರ ಕೆಳಗೋ ಮೇಲೋ ಚುಕ್ಕಿ ಗೀಟು ಇಟ್ಟರೆ ಆ, ಇ, ಎ, ಒ, ಉ. "ಇದು ಅವರ ಕಾಗುಣಿತ ಕಣೋ" ಎಂದರೆ ಮುಗಿಯಿತು. ಗಂಟಲಿನಿಂದ ಬರುವ ‘ಖ್’ ಶಬ್ದ ಮಾತ್ರ ನಮ್ಮ ‘ಖ’ ಅಲ್ಲ. ಕಫ ಕ್ಯಾಕರಿಸಿದ ಹಾಗೆ ಎಂದು ಹೇಳಿದರೆ ಹುಡುಗರು ಅರ್ಧ ಗಂಟೆ ಅದನ್ನೇ ಅಭ್ಯಾಸ ಮಾಡುತ್ತಾರೆ. ಮಾಡಲಿ ಬಿಡಿ.

ಮೊದಲ ಗುರಿ ‘ಶೆಮಾ’ ಪ್ರಾರ್ಥನೆಯ ಮೊದಲ ಸಾಲು. ಹೀಬ್ರೂನಲ್ಲಿ ಆರೇ ಪದ. ಕೊಂಕಣದಲ್ಲಿ ತಲೆಮಾರುಗಳ ಕಾಲ ಹೀಬ್ರೂ ಮರೆತುಹೋಗಿ, ಪುಸ್ತಕವೂ ಇಲ್ಲದೆ ಉಳಿದಾಗ ಬೆನೆ ಇಸ್ರೇಲ್ ಜನರ ನಾಲಗೆಯ ಮೇಲೆ ಉಳಿದ ಪ್ರಾರ್ಥನೆ ಇದೊಂದೇ ಎಂದು ಅವರ ಪರಂಪರೆ ಹೇಳುತ್ತದೆ. ಮಗುವಿಗೆ ಆ ಕಥೆ ಹೇಳಿ ಆಮೇಲೆ ಸಾಲು ಕಲಿಸಿ. ಕ್ರಮ ತಿರುಗಿಸಿದರೆ ಅದು ಬರೀ ಬಾಯಿಪಾಠ.

ಅಜ್ಜನ ಮನೆಯಲ್ಲಿ ಮರಾಠಿ ಅರ್ಥವಿರುವ ಹಳೆಯ ಪ್ರಾರ್ಥನೆ ಪುಸ್ತಕ ಇದ್ದರೆ ತರಿಸಿಕೊಳ್ಳಿ. ಹಿಂದಿ ಓದುವ ಮಗು ದೇವನಾಗರಿಯನ್ನೂ ಓದುತ್ತದೆ. ದೊಡ್ಡ ಮಕ್ಕಳಿಗೆ ‘ಸೆಫಾರಿಯಾ’ ಎಂಬ ಜಾಲತಾಣವಿದೆ. ತೋರಾದಿಂದ ತಾಲ್ಮುಡ್ ಎಂಬ ಧರ್ಮಶಾಸ್ತ್ರ ಚರ್ಚೆಯ ಗ್ರಂಥದವರೆಗೆ ಹೀಬ್ರೂ ಮೂಲ, ಇಂಗ್ಲಿಷ್ ಅನುವಾದ ಎಲ್ಲವೂ ಅಲ್ಲಿ ಬಿಟ್ಟಿ.

ಕಲಿತ ಅಕ್ಷರದಲ್ಲಿ ಕನ್ನಡವನ್ನೇ ಬರೆಸಿ. ತನ್ನ ಹೆಸರು, ‘ಮಂಗಳೂರು’, ‘ಮಸಾಲೆ ದೋಸೆ’. ಇದು ಬರೀ ಆಟ ಅಲ್ಲ. ಯಹೂದಿಗಳು ಹೋದ ಕಡೆಯೆಲ್ಲ ಆ ಊರಿನ ಭಾಷೆಯನ್ನು ಹೀಬ್ರೂ ಅಕ್ಷರದಲ್ಲಿ ಬರೆದವರು. ಮಂಗಳೂರಿನಲ್ಲೇ ಒಬ್ಬ ಹಾಗೆ ಬರೆಯುತ್ತಾ ಕೂತಿದ್ದ. ಅವನ ಕಥೆ ಮುಂದೆ ಬರುತ್ತದೆ.

ಐದು: ಚರಿತ್ರೆಯನ್ನು ಹತ್ತಿರದಿಂದ ಹಿಡಿಯಿರಿ

ಯಹೂದಿ ಪಾಠ ಅಂದರೆ ಅಬ್ರಹಾಮನಿಂದ ಶುರು ಮಾಡಿ ಸಾವಿರಾರು ವರ್ಷ ನಡೆದು ಬರಬೇಕು ಎಂದುಕೊಳ್ಳುತ್ತಾರೆ. ಮಗು ಈಜಿಪ್ಟ್ ತಲುಪುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ಕಾಲಿಗೆ ತಾಕುವ ಜಾಗದಿಂದ ಶುರು ಮಾಡಿ.

ಮೊದಲು ನವಗಾಂವ್. ಅಲಿಬಾಗ್ ಹತ್ತಿರದ ಕಡಲ ತೀರ. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಬದುಕಿದರು, ಅವರೇ ಮೂಲ ಎಂಬುದು ಐತಿಹ್ಯ. ಎಣ್ಣೆ ಗಾಣ ಅವರ ಕಸುಬಾಯಿತು. ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಹಾಗಾಗಿ ಊರವರು ‘ಶನಿವಾರ್ ತೇಲಿ’ ಎಂದು ಕರೆದರು. ಐತಿಹ್ಯಕ್ಕೂ ದಾಖಲೆಗೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಕೊಡಿ. "ಇದು ಅಜ್ಜಂದಿರು ಹೇಳಿದ್ದು, ಇದು ಕಾಗದದಲ್ಲಿ ಇರುವುದು." ಹನ್ನೆರಡು ದಾಟಿದ ಮಗು ಒಂದು ದಿನ ಇಂಟರ್ನೆಟ್ಟಿನಲ್ಲಿ ಹುಡುಕಿ "ಇದೆಲ್ಲ ಸುಳ್ಳಾ?" ಎಂದು ಕೇಳುವ ಮೊದಲೇ ನೀವು ಹೇಳಿರಬೇಕು.

ಆಮೇಲೆ ಮೀನು. ದಾವೀದ್ ರಹಾಬಿ ಎಂಬವನು ಕೊಂಕಣಕ್ಕೆ ಬಂದು, ಇವರು ಯಹೂದಿಗಳು ಹೌದೋ ಅಲ್ಲವೋ ನೋಡಲು ಹೆಂಗಸರ ಕೈಗೆ ಮೀನಿನ ರಾಶಿ ಕೊಟ್ಟನಂತೆ. ಅವರು ಯಹೂದಿ ಧರ್ಮ ಒಪ್ಪುವ, ಈಜುರೆಕ್ಕೆ ಮತ್ತು ಪೊರೆ ಎರಡೂ ಇದ್ದ ಮೀನನ್ನು ಮಾತ್ರ ಆರಿಸಿ ಉಳಿದದ್ದನ್ನು ಪಕ್ಕಕ್ಕಿಟ್ಟರು. ಈ ಕಥೆ ಹೇಳಿದ ಮಾರನೆಯ ದಿನ ಮಕ್ಕಳನ್ನು ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ. ಬಂಗುಡೆ? ಸರಿ. ಬೂತಾಯಿ? ಸರಿ. ಸಿಗಡಿ, ಏಡಿ, ಮರುವಾಯಿ? ಇಲ್ಲ. ಯಾಕೆ ಎಂದು ಮಕ್ಕಳೇ ಹೇಳಬೇಕು. ಠಾಣೆಯಲ್ಲಿ ಒಂದು ಸಲ ಆರು ಮಕ್ಕಳು ಒಂದೊಂದು ಮೀನನ್ನೂ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ, ಕೊನೆಗೆ ಏನೂ ಕೊಳ್ಳದೆ ಹೊರಟಾಗ ಮೀನು ಮಾರುವ ಹೆಂಗಸು ಕೊಟ್ಟ ಬೈಗುಳವೂ ಪಾಠದ ಭಾಗವಾಯಿತು. ಒಂದು ಕಿಲೋ ಬಂಗುಡೆಗೆ ದುಡ್ಡು ಇಟ್ಟುಕೊಂಡು ಹೋಗಿ.

ಕರ್ನಾಟಕದಲ್ಲಿ ಬೆಳೆಯುವ ಮಗುವಿಗೆ ಇನ್ನೂ ನಾಲ್ಕು ಜಾಗ ಇವೆ.

ಶ್ರೀರಂಗಪಟ್ಟಣ. ಕಂಪನಿ ಸೇನೆಯಲ್ಲಿದ್ದ ಸಾಮಾಜಿ ಹಸಾಜಿ ದಿವೇಕರ್ ಎಂಬ ಬೆನೆ ಇಸ್ರೇಲ್ ಅಧಿಕಾರಿ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಯಾದ. ಕೊಲ್ಲುವ ಮುನ್ನ ಜಾತಿ ಕೇಳಿದಾಗ ‘ಬೆನೆ ಇಸ್ರೇಲ್’ ಎಂದನಂತೆ. ಕುರಾನಿನಲ್ಲಿ ಬರುವ ಆ ಹೆಸರು ಕೇಳಿ ಟಿಪ್ಪುವಿನ ತಾಯಿ ಅವನ ಜೀವ ಉಳಿಸಲು ಹೇಳಿದರು ಎಂಬುದು ಸಮುದಾಯದಲ್ಲಿ ಉಳಿದ ಕಥೆ. ಬದುಕಿ ಬಂದವನು ಹರಕೆ ತೀರಿಸಲು 1796ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಸಿನಗಾಗ್ ಕಟ್ಟಿಸಿದ. ಅದೇ ‘ಶಾರ್ ಹಾರಹಮೀಮ್’, ಮುಂಬಯಿಯ ಮೊದಲ ಸಿನಗಾಗ್. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಈ ಸಿನಗಾಗ್‌ನಿಂದಲೇ ಎಂದು ಹೇಳುತ್ತಾರೆ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಎಲ್ಲರೂ ಪಿಕ್‌ನಿಕ್ ಹೋಗುತ್ತಾರೆ. ಮುಂದಿನ ಸಲ ಕೋಟೆಯ ಗೋಡೆ ಕೆಳಗೆ ಕೂತು ಚಿತ್ರಾನ್ನ ತಿನ್ನುತ್ತಾ ಈ ಕಥೆ ಹೇಳಿ.

ಮಂಗಳೂರು. ಟ್ಯುನೀಷಿಯಾ ಕಡೆಯ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಈ ಕರಾವಳಿಗೆ ಬಂದು, 1149ರಲ್ಲಿ ವಾಪಸು ಹೊರಡುವವರೆಗೆ ಇಲ್ಲೇ ಸಂಸಾರ ಮಾಡಿದ. ಅಶು ಎಂಬ ಇಲ್ಲಿಯ ಹೆಂಗಸಿಗೆ ದಾಸ್ಯದಿಂದ ಬಿಡುಗಡೆ ಕೊಟ್ಟ ಪತ್ರ ಸಿಕ್ಕಿದೆ. ಬೊಮ್ಮ ಎಂಬ ಆಳು ಅವನ ಪರವಾಗಿ ಯೆಮೆನ್‌ನ ಬಂದರು ಏಡನ್‌ಗೆ ಹೋಗಿ ವ್ಯವಹಾರ ಮಾಡುತ್ತಿದ್ದ. ಇವೆಲ್ಲ ಗೊತ್ತಾದದ್ದು ಕೈರೋದ ಹಳೆಯ ಸಿನಗಾಗ್‌ನ ಕಾಗದದ ಕೋಣೆಯಿಂದ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ, ‘ಗೆನೀಜಾ’ ಎಂಬ ಜಾಗದಲ್ಲಿ ಕೂಡಿಡುತ್ತಾರೆ. ಅದರ ಜೊತೆ ವ್ಯಾಪಾರದ ಚೀಟಿ, ಮನೆಯ ಪತ್ರ ಎಲ್ಲ ಉಳಿದವು. ಬೆನ್ ಯಿಜು ಬರೆಯುತ್ತಿದ್ದದ್ದು ಅರಬ್ಬಿ ಭಾಷೆ, ಹೀಬ್ರೂ ಅಕ್ಷರ. ಏಡನ್‌ನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಬಾದಾಮಿ, ಒಣದ್ರಾಕ್ಷಿ ಕಳಿಸುತ್ತಿದ್ದರು. ಆ ಒಣದ್ರಾಕ್ಷಿ ಶುಕ್ರವಾರದ ಲೋಟಕ್ಕೂ ಹೋಗಿರಬಹುದು ಎಂದು ನನ್ನ ಊಹೆ. ಗೆಳತಿಯ ಮಗಳಿಗೆ ಇದನ್ನು ಹೇಳಿದಾಗ "ಅವನಿಗೂ ಗುರುವಾರ ನೆನಪಿರಬೇಕಿತ್ತು ಹಾಗಾದ್ರೆ" ಅಂದಳು.

ಮನೆಯಲ್ಲೂ ಒಂದು ರಟ್ಟಿನ ಡಬ್ಬಿಯನ್ನು ಗೆನೀಜಾ ಮಾಡಿ. ಪ್ರಾರ್ಥನೆ ಬರೆದ ಹಾಳೆಗಳು ಅದರಲ್ಲಿ ಬೀಳಲಿ.

ಮೂರನೆಯದು ಶಿವಮೊಗ್ಗ. ಡಾ. ಜೆರೂಶಾ ಝಿರಾಡ್ ಹುಟ್ಟಿದ್ದು ಅಲ್ಲಿ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋಗಿ ಹೆರಿಗೆ ವೈದ್ಯೆಯಾಗಿ ಬಂದರು. 1925ರಲ್ಲಿ ಮುಂಬಯಿಯಲ್ಲಿ ಸುಧಾರಣಾ ಮನಸ್ಸಿನ ಯಹೂದಿ ಪ್ರಾರ್ಥನಾ ಸಂಘ ಕಟ್ಟುವುದರಲ್ಲಿ ಮುಂದೆ ನಿಂತರು. 1966ರಲ್ಲಿ ಪದ್ಮಶ್ರೀ ಬಂತು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಈ ಹೆಸರು ಗೊತ್ತಿಲ್ಲದಿರುವುದು ಸರಿಯಲ್ಲ.

ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಯಹೂದಿ ಸ್ಮಶಾನ, 1904ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗ. ಮೊದಲೇ ಹೇಳಿ ಅನುಮತಿ ಪಡೆದು ಹೋಗಿ. ಕಲ್ಲುಗಳ ಮೇಲಿನ ಹೀಬ್ರೂ ಅಕ್ಷರ ಓದಿಸಿ, ಒಂದು ಚಿಕ್ಕ ಕಲ್ಲು ಇಡಿಸಿ, ಹೊರಗೆ ಬಂದು ಕೈ ತೊಳೆಸಿ. ಹನ್ನೊಂದು ವಾರ ಅಕ್ಷರ ಕಲಿತದ್ದು ಯಾತಕ್ಕೆ ಎಂದು ಅಲ್ಲಿ ತಾನಾಗೇ ತಿಳಿಯುತ್ತದೆ.

ಆರು: ಮಕ್ಕಳನ್ನು ಜೊತೆ ಸೇರಿಸಿ

ಒಂಟಿ ಮಗುವಿಗೆ ಎಷ್ಟು ಕಲಿಸಿದರೂ ಅದು ‘ನಮ್ಮನೆ ವಿಚಿತ್ರ’ ಆಗಿಯೇ ಉಳಿಯುತ್ತದೆ. ಇನ್ನೊಂದು ಮಗುವೂ ಅದನ್ನೇ ಮಾಡುವುದನ್ನು ನೋಡಿದಾಗ ‘ನಮ್ಮದು’ ಆಗುತ್ತದೆ. ತಿಂಗಳಿಗೆ ಒಂದು ಭಾನುವಾರ ಸಾಕು. ಎಷ್ಟು ಮಕ್ಕಳಿರಬೇಕು? ತಾಲ್ಮುಡ್‌ನಲ್ಲಿ ಒಬ್ಬ ಗುರುವಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಗುರುಗಳು ಎಂಬ ಲೆಕ್ಕವೇ ಇದೆ. ಎಪ್ಪತ್ತು ಮಕ್ಕಳ ತರಗತಿ ನೋಡಿದ ನನಗೆ ಅದನ್ನು ಓದಿ ಕಣ್ಣಲ್ಲಿ ನೀರು ಬಂತು. ನಿಮ್ಮ ಸಮಸ್ಯೆ ಉಲ್ಟಾ: ಐದು ಮಕ್ಕಳು, ಐದು ವಯಸ್ಸು.

ಅದಕ್ಕೆ ಯಹೂದಿ ಪದ್ಧತಿಯಲ್ಲೇ ಉಪಾಯವಿದೆ. ‘ಹವ್ರೂತಾ’ ಅಂದರೆ ಜೋಡಿ ಓದು. ಇಬ್ಬರು ಎದುರುಬದುರು ಕೂತು ಒಂದೇ ಸಾಲು ಓದಿ ವಾದ ಮಾಡುತ್ತಾರೆ. ಸದ್ದು ಆಗಬೇಕು, ಸದ್ದಿಲ್ಲದಿದ್ದರೆ ಓದು ನಡೆಯುತ್ತಿಲ್ಲ ಎಂದರ್ಥ. ದೊಡ್ಡ ಮಗುವನ್ನು ಚಿಕ್ಕದರ ಜೊತೆ ಕೂರಿಸಿ. ಕಲಿಸಬೇಕಾದ ಮಗು ಹಿಂದಿನ ರಾತ್ರಿ ತಾನೇ ಓದಿಕೊಂಡು ಬರುತ್ತದೆ.

ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಮೊದಲ ವರ್ಷ ನಾನು ರಸಪ್ರಶ್ನೆ ಇಟ್ಟೆ, ಬಹುಮಾನ ಇಟ್ಟೆ. ಇಬ್ಬರು ಜಾಣರು ಎಲ್ಲ ಗೆದ್ದರು, ಉಳಿದವರು ಬರುವುದು ಕಡಿಮೆ ಮಾಡಿದರು. ಶಾಲೆಯ ರ‍್ಯಾಂಕಿನ ಗಾಳಿಯನ್ನು ಭಾನುವಾರಕ್ಕೂ ತಂದಿದ್ದೆ. ಆಮೇಲೆ ಬಹುಮಾನ ತೆಗೆದು, ಎಂಟು ರಾತ್ರಿಯ ಹನುಕ್ಕಾ ಹಬ್ಬದ ದೀಪದ ಲೆಕ್ಕ ಕೊಟ್ಟೆ: ಮೊದಲ ರಾತ್ರಿ ಒಂದು, ಎರಡನೆಯ ರಾತ್ರಿ ಎರಡು, ಹೀಗೆ ಎಂಟು ರಾತ್ರಿ, ಜೊತೆಗೆ ಉಳಿದವನ್ನು ಹಚ್ಚಲು ಪ್ರತಿ ರಾತ್ರಿ ಇನ್ನೊಂದು ದೀಪ. ಒಟ್ಟು ಬತ್ತಿ ಎಷ್ಟು ಬೇಕು? 44. ಲೆಕ್ಕ ಹಾಕಿದವರೇ ಅಂಗಡಿಗೆ ಹೋಗಿ ತಂದರು. ಒಬ್ಬ 36 ತಂದು ಕೊನೆಯ ರಾತ್ರಿ ಪರದಾಡಿದ್ದು ಈಗಲೂ ನಗೆಯ ವಿಷಯ.

ಸುರಕ್ಷತೆಯ ಮಾತು ಚಿಕ್ಕದಾಗಿ. 2008ರ ನವೆಂಬರ್ ದಾಳಿಯಲ್ಲಿ ಮುಂಬಯಿಯ ನರಿಮನ್ ಹೌಸ್ ಯಹೂದಿ ಕೇಂದ್ರವೂ ಗುರಿಯಾಗಿತ್ತು. ತರಗತಿಯ ವಿಳಾಸ, ಹೊತ್ತು, ಮಕ್ಕಳ ಫೋಟೋ ಯಾವುದನ್ನೂ ಸಾಮಾಜಿಕ ಜಾಲದಲ್ಲಿ ಹಾಕಬೇಡಿ. ಸಿನಗಾಗ್‌ಗೆ ಹೋಗುವಾಗ ಮೊದಲೇ ತಿಳಿಸಿ, ಗುರುತಿನ ಚೀಟಿ ಒಯ್ಯಿರಿ. ಇದನ್ನು ಮಕ್ಕಳ ಮುಂದೆ ದೊಡ್ಡ ಕಥೆ ಮಾಡಬೇಡಿ.

ಏಳು: ಪೆಸಾಹ್ ರಾತ್ರಿ, ಮಗುವೇ ಯಜಮಾನ

ಈ ಹಬ್ಬವನ್ನು ಕಟ್ಟಿರುವುದೇ ಮಗುವಿನ ಪ್ರಶ್ನೆಯ ಸುತ್ತ. ಮನೆಯ ಅತಿ ಚಿಕ್ಕ ಮಗು "ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ?" ಎಂದು ಕೇಳಬೇಕು. ಆಗಲೇ ದೊಡ್ಡವರು ಈಜಿಪ್ಟಿನಿಂದ ಬಿಡುಗಡೆಯಾದ ಕಥೆ ಹೇಳುವುದು. ಪ್ರಶ್ನೆ ಇಲ್ಲದೆ ಉತ್ತರವಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಉತ್ತರ ಮೊದಲು, ಪ್ರಶ್ನೆ ಆಮೇಲೆ ಹೇಳಿಕೊಟ್ಟ ನನಗೆ ಇದನ್ನು ನೋಡಿ ನಾಚಿಕೆಯಾಯಿತು.

ಆ ರಾತ್ರಿ ಓದುವ ಪುಸ್ತಕ ಹಗ್ಗಾದಾ. ಬೆನೆ ಇಸ್ರೇಲ್ ಜನರಿಗಾಗಿ 1874ರಲ್ಲಿ ಪುಣೆಯಲ್ಲಿ ಚಿತ್ರವಿರುವ ಹೀಬ್ರೂ-ಮರಾಠಿ ಹಗ್ಗಾದಾ ಅಚ್ಚಾಯಿತು. ಅದರಲ್ಲಿ ಹುಳಿಯಿಲ್ಲದ ರೊಟ್ಟಿ ಮಾಡುವ ಹೆಂಗಸರು ಸೀರೆ ಉಟ್ಟು ನೆಲದ ಮೇಲೆ ಕೂತಿದ್ದಾರೆ. ಆ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಮುದ್ರಿಸಿ ಗೋಡೆಗೆ ಹಾಕಿ. ಯಹೂದಿ ಅಂದರೆ ಕಪ್ಪು ಕೋಟು, ಕಪ್ಪು ಟೋಪಿ ಎಂದು ಸಿನಿಮಾ ನೋಡಿ ಕಲಿತ ಮಗು ಅದನ್ನು ನೋಡಬೇಕು. ಪ್ರಶ್ನೆಗಳನ್ನು ಹೀಬ್ರೂನಲ್ಲಿ ಓದಿದ ಮೇಲೆ ಕನ್ನಡದಲ್ಲೂ ಮಕ್ಕಳೇ ಅನುವಾದ ಮಾಡಲಿ. ಪಕ್ಕದ ಮನೆಯ ಮಕ್ಕಳನ್ನೂ ಕರೆಯಿರಿ. ಹೊರಗಿನವರಿಗೆ ವಿವರಿಸುವಾಗಲೇ ತನ್ನದು ಸ್ಪಷ್ಟವಾಗುತ್ತದೆ.

ಎಂಟು: ಹದಿಮೂರು ದಾಟಿದವರು

ಹುಡುಗನಿಗೆ 13ಕ್ಕೆ ಬಾರ್ ಮಿತ್ಸ್ವಾ, ಹುಡುಗಿಗೆ 12ಕ್ಕೆ ಬಾತ್ ಮಿತ್ಸ್ವಾ, ಅಂದರೆ ಧರ್ಮದ ಲೆಕ್ಕದಲ್ಲಿ ದೊಡ್ಡವರಾಗುವ ದಿನ. ಹಲವು ಮನೆಗಳಲ್ಲಿ ಇದು ಹಾಲ್ ಬುಕ್ ಮಾಡುವ ಹಬ್ಬವಾಗಿ ಮುಗಿಯುತ್ತದೆ, ಮರುದಿನದಿಂದ ತರಗತಿ ಬಂದ್. ಅವತ್ತಿನಿಂದಲೇ ಒಂದು ಜವಾಬ್ದಾರಿ ಕೊಡಿ. ಚಿಕ್ಕವರಿಗೆ ಅಕ್ಷರ ಕಲಿಸುವುದು, ಊರಿನ ಒಂಟಿ ಹಿರಿಯರಿಗೆ ಶುಕ್ರವಾರ ಫೋನ್ ಮಾಡುವುದು, ಅಜ್ಜಿಯ ಹಾಡು, ಕೀರ್ತನೆ, ಅಡುಗೆ ರೆಕಾರ್ಡ್ ಮಾಡುವುದು. ಹೌದು, ಕೀರ್ತನೆ. ಜೋಸೆಫ್‌ನ ಕಥೆ, ಅಬ್ರಹಾಮನ ಕಥೆಗಳನ್ನು ಮರಾಠಿ ಕೀರ್ತನೆಯಾಗಿ ಹಾಡುವ ಪದ್ಧತಿ 19ನೇ ಶತಮಾನದಲ್ಲೇ ಹುಟ್ಟಿತ್ತು.

ಈ ವಯಸ್ಸಿಗೆ ಕಷ್ಟದ ಪ್ರಶ್ನೆಗಳೂ ಬರುತ್ತವೆ. ನಾಜಿಗಳು ಯಹೂದಿಗಳನ್ನು ಕೊಂದ ಹತ್ಯಾಕಾಂಡದ ಬಗ್ಗೆ ಹೇಳಬೇಕು, ಆದರೆ ಹೊತ್ತು ನೋಡಿ. ನಾನು ಒಮ್ಮೆ ಒಂಬತ್ತು ವರ್ಷದವರಿಗೆ ಫೋಟೋ ತೋರಿಸಿದೆ. ಒಂದು ಮಗು ಮೂರು ವಾರ ಬರಲಿಲ್ಲ. ಹದಿಮೂರಕ್ಕೆ ಮೊದಲು ಚಿತ್ರ ಬೇಡ. ತಮ್ಮತನ ಅಂದರೆ ಬರೀ ಗಾಯ ಎಂದು ಮಗುವಿಗೆ ಅನಿಸಬಾರದು. ಭಾರತದ ಯಹೂದಿಗಳಿಗಂತೂ ನೆರೆಹೊರೆಯವರ ಜೊತೆ ನೆಮ್ಮದಿಯಿಂದ ಬದುಕಿದ ಚರಿತ್ರೆ ಇದೆ. ಅದನ್ನು ಮೊದಲು ಹೇಳಿ.

ಇಸ್ರೇಲಿನ ವಿಷಯವೂ ಅಷ್ಟೇ. ನೆಂಟರೆಲ್ಲ ಡಿಮೋನಾ, ಅಶ್ದೋದ್, ಲೋದ್‌ನಲ್ಲಿ ಇದ್ದಾರೆ. ಹೊಗಳಿಕೆಯ ಜೊತೆಗೆ 1960ರ ದಶಕದ ಕಹಿಯನ್ನೂ ಹೇಳಿ. ಬೆನೆ ಇಸ್ರೇಲ್ ಜನ ನಿಜವಾದ ಯಹೂದಿಗಳೇ, ಮದುವೆ ಮಾಡಿಸಬಹುದೇ ಎಂದು ಅಲ್ಲಿಯ ಧರ್ಮಾಧಿಕಾರಿಗಳು ಪ್ರಶ್ನೆ ಎತ್ತಿದರು. ಇವರು ಬೀದಿಗಿಳಿದರು. 1964ರಲ್ಲಿ ಇಸ್ರೇಲಿನ ಸಂಸತ್ತು ಇವರು ಎಲ್ಲ ವಿಧದಲ್ಲೂ ಯಹೂದಿಗಳೇ ಎಂದು ಹೇಳಬೇಕಾಯಿತು. ಹದಿನೈದರ ಹುಡುಗರಿಗೆ ಇದು ಸಖತ್ ವಾದದ ವಿಷಯ: ನಾವು ಯಾರು ಎಂದು ಹೇಳುವ ಹಕ್ಕು ಯಾರದು? ಈಗಿನ ಯುದ್ಧ, ರಾಜಕೀಯದ ಬಗ್ಗೆ ಶಾಲೆಯಲ್ಲಿ ಯಾರಾದರೂ ಕೆಣಕಿದರೆ ಮಗು ಒಂದು ದೇಶದ ವಕೀಲನಾಗಬೇಕಿಲ್ಲ. "ನಾನು ಬೆಂಗಳೂರಿನವನು" ಎಂಬುದೂ ಪೂರ್ತಿ ಉತ್ತರವೇ.

18 ದಾಟಿದವರಿಗೆ ಬರ್ತ್‌ರೈಟ್ ಎಂಬ ಹತ್ತು ದಿನದ ಉಚಿತ ಇಸ್ರೇಲ್ ಪ್ರವಾಸ 1999ರಿಂದ ನಡೆಯುತ್ತಿದೆ, ಅರ್ಜಿ ಹಾಕಬಹುದು. ಆದರೆ ನನ್ನ ಸಲಹೆ, ಅದಕ್ಕೆ ಮೊದಲು ಕೊಂಕಣಕ್ಕೆ ಹೋಗಿ ಬನ್ನಿ.

ಒಂಬತ್ತು: ಕೊಂಕಣದ ಪ್ರವಾಸ

ಮೂರು ದಿನ ಸಾಕು. ಮುಂಬಯಿಯಿಂದ ದೋಣಿಯಲ್ಲಿ ಮಾಂಡ್ವಾ, ಅಲ್ಲಿಂದ ಅಲಿಬಾಗ್. ಊರಿನ ಒಳಗೆ ‘ಇಸ್ರೇಲ್ ಆಳಿ’ ಎಂಬ ಕೇರಿ, ಅಲ್ಲಿ 1848ರಲ್ಲಿ ಶುರುವಾದ ಸಿನಗಾಗ್. ನವಗಾಂವಿನ ಹಳೆಯ ಸ್ಮಶಾನ. ರೇವದಂಡಾದ ಸಿನಗಾಗ್. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಗಂಡಸರು ಬೇಕು, ಈ ಊರುಗಳಲ್ಲಿ ಅಷ್ಟು ಜನ ಸೇರುವುದೇ ಕಷ್ಟ. ಹದಿಮೂರಾದ ಹುಡುಗ ಲೆಕ್ಕಕ್ಕೆ ಬರುತ್ತಾನೆ. ಯಾವ ವಾರ ಬರುತ್ತೀರಿ ಎಂದು ಮೊದಲೇ ತಿಳಿಸಿ, ಅವರಿಗೂ ಉಪಕಾರ.

ಕೊನೆಗೆ ಖಂಡಾಳಾ ಹಳ್ಳಿ. ಗಿರಿಧಾಮದ ಖಂಡಾಳಾ ಅಲ್ಲ, ಅಲಿಬಾಗ್ ಹತ್ತಿರದ್ದು. ಅಲ್ಲಿಯ ಬಂಡೆಯ ಮೇಲಿನ ಗುರುತು ಪ್ರವಾದಿ ಎಲಿಯಾಹು ಆಕಾಶಕ್ಕೆ ಏರುವಾಗ ಬಿದ್ದದ್ದು ಎಂಬ ನಂಬಿಕೆ. ಹರಕೆ ತೀರಿಸಲು ಅಲ್ಲಿ ‘ಮಲಿದಾ’ ಮಾಡುತ್ತಾರೆ: ನೆನೆಸಿದ ಅವಲಕ್ಕಿಗೆ ತೆಂಗಿನಕಾಯಿ ತುರಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ, ಒಣಹಣ್ಣು, ಸುತ್ತ ಐದು ಬಗೆಯ ಹಣ್ಣು. ಜಗತ್ತಿನ ಬೇರೆ ಯಹೂದಿಗಳಲ್ಲಿ ಇದು ಇಲ್ಲ.

ಮಲಿದಾದ ಪೂರ್ತಿ ಹೊಣೆ ಮಕ್ಕಳಿಗೆ ಬಿಡಿ. ಪಟ್ಟಿ, ಅಳತೆ, ಖರೀದಿ ಎಲ್ಲ. ಗೆಳತಿಯ ಮಗ ಬೆಂಗಳೂರಿನ ದಿನಸಿ ಅಂಗಡಿಯಿಂದಲೇ ದಪ್ಪ ಅವಲಕ್ಕಿ ಹೊತ್ತುಕೊಂಡು ಹೋಗಿದ್ದ. ಠಾಣೆಯ ಆಜಿ ನೋಡಿದವರೇ "ಇದಲ್ಲ, ತೆಳುವಿನದು ಬೇಕು" ಅಂದರು. ಅವರ ತಂಗಿ "ನಮ್ಮಮ್ಮ ದಪ್ಪದರಲ್ಲೇ ಮಾಡ್ತಿದ್ದಳು" ಅಂದರು. ಇಬ್ಬರೂ ಬಂಡೆಯ ಪಕ್ಕದಲ್ಲೇ ಜಗಳಕ್ಕೆ ಬಿದ್ದರು. ಹುಡುಗ ಯಾರ ಮಾತನ್ನೂ ಕಾಯದೆ ಅವಲಕ್ಕಿಗೆ ನೀರು ಹಾಕಿ, ಇಬ್ಬರ ಹೆಸರನ್ನೂ ಎದುರೆದುರು ಬರೆದುಕೊಂಡು, "ನಿಮ್ಮಮ್ಮ ಯಾವ ಊರಿನವರು, ಸರಿಯಾಗಿ ಹೇಳಿ" ಎಂದು ನೋಟ್‌ಬುಕ್ ತೆರೆದು ಕೂತ.